ಇರುವ ಮನೆಗೊಂದು ನಕ್ಷೆ

ಹುಟ್ಟಿ ಬೆಳೆದ ಮನೆಯಲ್ಲಿ ಕಣ್ಣು ಮುಚ್ಚಿಕೊಂಡು ಓಡಾಡಬಲ್ಲೆನೆಂದು ಹೇಳದವರು ಯಾರೂ ಇಲ್ಲ. ಆದರೆ ಅದೇ ಮನೆಯ ನಕ್ಷೆಯನ್ನು ಒಂದು ಹಾಳೆಯ ಮೇಲೆ ಬರೆದು ತೋರಿಸಿರೆಂದರೆ, ಹತ್ತರಲ್ಲಿ ಒಂಬತ್ತು ಮಂದಿ ಪಡಸಾಲೆಯನ್ನು ದಾಟುವಷ್ಟರಲ್ಲಿ ತಬ್ಬಿಬ್ಬಾಗುತ್ತಾರೆ. ಅಡಿಗೆಮನೆಯ ಗೋಡೆ ದೇವರ ಮನೆಯ ಗೋಡೆಗೆ ನೇರವಾಗಿದೆಯೊ, ಒಂದು ಮೊಳ ಸರಿದಿದೆಯೊ? ನಡುಮನೆಯ ಬಾಗಿಲು ಒಳಕ್ಕೆ ತೆರೆಯುವುದೊ, ಹೊರಕ್ಕೊ? ವಾಚಕರು ಬೇಕಾದರೆ ಈ ಪುಟವನ್ನು ಮಗುಚಿಟ್ಟು ತಮ್ಮ ಮನೆಯನ್ನೇ ಪರೀಕ್ಷೆಗೆ ಒಡ್ಡಿ ನೋಡಬಹುದು. ಈ ಪರೀಕ್ಷೆಯಲ್ಲಿ ನಾನು ತೇರ್ಗಡೆಯಾಗಲಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನನಗೆ ಈ ಪರೀಕ್ಷೆ ಒದಗಿದ್ದು ವಿನೋದಕ್ಕಲ್ಲ. ಕಳೆದ ಆಷಾಢದ ಒಂದು ಬೆಳಗಿನ ಜಾವ ನಮ್ಮ ತಾಯಿ ಹಿತ್ತಲ ಬಚ್ಚಲುಮನೆಗೆ ಇಳಿಯುವ ಮೂರು ಮೆಟ್ಟಿಲುಗಳ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆಯೇನೊ ಚೆನ್ನಾಗಿಯೇ ಆಯಿತು. ಆದರೆ ಇನ್ನು ಮುಂದೆ ಮೆಟ್ಟಿಲು ಕೂಡದು, ಆಧಾರವಿಲ್ಲದೆ ನಡೆಯಕೂಡದು, ಕೆಲವು ತಿಂಗಳ ಮಟ್ಟಿಗಾದರೂ ಗಾಲಿಕುರ್ಚಿ ಬೇಕಾದೀತು ಎಂದು ವೈದ್ಯರು ಹೇಳಿ ಕಳುಹಿಸಿದರು. ಅಂದರೆ, ಅವರು ಮಲಗುವ ಕೋಣೆಗೆ ಹೊಂದಿಕೊಂಡಂತೆ ಒಂದು ಬಚ್ಚಲು ಆಗಲೇಬೇಕು.

ಹಾಸನ ಜಿಲ್ಲೆಯ ಹಳ್ಳಿಯೊಂದರಲ್ಲಿರುವ ನಮ್ಮ ಮನೆ ಅಜ್ಜನ ಕಾಲದ ತೊಟ್ಟಿಯ ಮನೆ. ಮಣ್ಣಿನ ಗೋಡೆ, ಮರದ ಕಂಬ, ತೊಲೆ, ಜಂತೆ, ಮೇಲೆ ನಾಡಹೆಂಚು. ಬೆಂಗಳೂರಿನಲ್ಲಿರುವ ನಮ್ಮಣ್ಣ ಸಮಸ್ಯೆಯನ್ನು ದೂರವಾಣಿಯಲ್ಲಿಯೇ ಪರಿಹರಿಸಿಬಿಟ್ಟ: “ಹಿಂದಿನ ಅರ್ಧ ಕೆಡವಿಸಿಬಿಡು. ತಾರಸಿ ಹಾಕಿಸಿ ಎರಡು ಕೋಣೆ, ಒಂದು ಬಚ್ಚಲು ಕಟ್ಟಿಸೋಣ. ಹಣಕ್ಕೆ ಯೋಚನೆ ಬೇಡ.” ಅಮ್ಮ ಮಂಚದ ಮೇಲಿಂದಲೇ ಅದಕ್ಕೆ ಉತ್ತರ ಕೊಟ್ಟರು: “ನಾನು ಕಣ್ಣು ಮುಚ್ಚಿದ ಮೇಲೆ ಏನಾದರೂ ಮಾಡಿಕೊಳ್ಳಿ. ಅಲ್ಲಿಯವರೆಗೆ ತೊಲೆ ಮುಟ್ಟಬೇಡಿ.”

ಇಬ್ಬರ ನಡುವೆ ಸಿಕ್ಕಿಕೊಂಡ ನಾನು ಊರಿನ ಗಾರೆ ಮೇಸ್ತ್ರಿಯನ್ನು ಕರೆಸಿದೆ. ಆತ ಒಳಗೆಲ್ಲ ಒಂದು ಸುತ್ತು ಬಂದು, ಗೋಡೆಗಳನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ, “ನಕ್ಷೆ ಇದ್ದರೆ ಕೊಡಿ ಮೇಷ್ಟ್ರೆ. ಯಾವ ಗೋಡೆ ಏನನ್ನ ಹೊತ್ತಿದೆ ಅಂತ ಗೊತ್ತಾಗದೆ ನಾನು ಹಾರೆ ಹಾಕೋನಲ್ಲ” ಎಂದ. ನಕ್ಷೆ ಎಲ್ಲಿಂದ ಬರಬೇಕು? ಅದು ಇದ್ದದ್ದು ಮನೆ ಕಟ್ಟಿದ ಬಡಗಿಯ ತಲೆಯಲ್ಲಿ. ಆತ ಕಾಲವಾಗಿ ಎಷ್ಟೋ ವರ್ಷಗಳಾಗಿವೆ. ಸರಕಾರವು 2020ರಲ್ಲಿ ಆರಂಭಿಸಿದ ಸ್ವಾಮಿತ್ವ ಯೋಜನೆಯ ಡ್ರೋನುಗಳು ಹಳ್ಳಿಯ ನಿವೇಶನಗಳನ್ನು ಆಕಾಶದಿಂದ ಅಳೆಯುತ್ತವೆ, ನಿಜ. ಆದರೆ ಆಕಾಶದಿಂದ ಕಾಣುವುದು ಮನೆಯ ಸೂರು ಮಾತ್ರ. ಸೂರಿನ ಕೆಳಗಿನ ಗೋಡೆಗಳು ಅವಕ್ಕೆ ಕಾಣುವಂತಿಲ್ಲ. ಹೀಗಾಗಿ ನಕ್ಷೆಯನ್ನು ನಾನೇ ಬರೆಯಬೇಕಾಯಿತು. ಕೈಯಿಂದ ಬರೆದು ಹತ್ತು ಸಲ ಅಳಿಸುವುದಕ್ಕಿಂತ ಕಂಪ್ಯೂಟರಿನಲ್ಲಿ ಬರೆಯುವುದು ಮೇಲೆಂದು ತೋರಿತು. ಆದರೆ ಯಾವ ತಂತ್ರಾಂಶದಲ್ಲಿ?

ಸಲಹೆಗಾರರು ಮೂವರು

ಮೊದಲ ಸಲಹೆಗಾರ ಅಣ್ಣನ ಮಗ, ಇಂಜಿನಿಯರಿಂಗ್ ವಿದ್ಯಾರ್ಥಿ. “ಚಿಕ್ಕಪ್ಪ, ಆಟೋಕ್ಯಾಡ್ ಬಿಟ್ಟು ಬೇರೆ ಮಾತೇ ಆಡಬೇಡಿ” ಎಂದ. 1982ರಲ್ಲಿ ಹೊರಬಂದ ಈ ತಂತ್ರಾಂಶ ಇಂದಿಗೂ ಇಂಜಿನಿಯರುಗಳ ನಿತ್ಯದ ಸಾಧನ. ಆದರೆ ಒಮ್ಮೆ ಹಣ ತೆತ್ತು ಶಾಶ್ವತವಾಗಿ ಇಟ್ಟುಕೊಳ್ಳುವ ಪದ್ಧತಿ 2016ರಲ್ಲಿಯೇ ನಿಂತುಹೋಯಿತು. ಈಗ ಅದಕ್ಕೆ ಬಾಡಿಗೆಯಂತೆ ಚಂದಾ ತೆರಬೇಕು. ವಿದ್ಯಾರ್ಥಿಗಳಿಗೆ ಅದು ಉಚಿತವಾಗಿ ದೊರೆಯುತ್ತದೆ, ವಿದ್ಯಾಭ್ಯಾಸಕ್ಕೆಂದು. ಒಂದು ಬಚ್ಚಲುಮನೆಗಾಗಿ ಅಷ್ಟು ದೊಡ್ಡ ಸಾಧನವನ್ನು ಕಲಿಯುವುದೆಂದರೆ, ಪಕ್ಕದ ಬೀದಿಗೆ ಹೋಗಲು ರೈಲು ಓಡಿಸಲು ಕಲಿತಂತೆ.

ಎರಡನೆಯವರು ನಮ್ಮ ಕಾಲೇಜಿನ ಭೂಗೋಳದ ಅಧ್ಯಾಪಕರು. ಅವರ ಒಲವು ಸ್ಕೆಚ್‌ಅಪ್ ಕಡೆಗೆ. 2000ದಲ್ಲಿ ಹುಟ್ಟಿದ ಈ ತಂತ್ರಾಂಶ 2006ರಲ್ಲಿ ಗೂಗಲ್ ಸಂಸ್ಥೆಯ ಕೈಸೇರಿ, 2012ರಲ್ಲಿ ಟ್ರಿಂಬಲ್ ಸಂಸ್ಥೆಯ ಪಾಲಾಯಿತು. ಉದ್ದ, ಅಗಲ, ಎತ್ತರ ಮೂರೂ ಕಾಣುವಂತೆ ಮನೆಯನ್ನು ಎಬ್ಬಿಸಿ ನಿಲ್ಲಿಸುವುದರಲ್ಲಿ ಅದಕ್ಕೆ ದೊಡ್ಡ ಹೆಸರಿದೆ. ಆದರೆ ನನಗೆ ಬೇಕಾಗಿದ್ದದ್ದು ಮನೆಯ ಚೆಲುವಲ್ಲ, ಗೋಡೆಯ ಲೆಕ್ಕ.

ಮೂರನೆಯ ಸಲಹೆಗಾರರು ನೆರೆಮನೆಯ ತರುಣರೊಬ್ಬರು. “ಅಳತೆ ಗಿಳತೆ ಏಕೆ ಸಾರ್? ಫೋನು ಹಿಡಿದು ಒಂದು ಸುತ್ತು ಬಂದರೆ ನಕ್ಷೆ ತಾನಾಗಿ ಬರುತ್ತದೆ” ಎಂದರು. ಅವರ ಮಾತು ಸುಳ್ಳಲ್ಲ. 2020ರಿಂದೀಚೆಗೆ ಬೆಲೆಬಾಳುವ ಕೆಲವು ಫೋನುಗಳಲ್ಲಿ ಲೈಡಾರ್ ಎಂಬ ಸಾಧನ ಸೇರಿದೆ. ಅದು ಕಣ್ಣಿಗೆ ಕಾಣದ ಬೆಳಕಿನ ಮಿಡಿತಗಳನ್ನು ಗೋಡೆಯ ಮೇಲೆ ಎಸೆದು, ಅವು ಮರಳಿ ಬರಲು ಹಿಡಿದ ಕಾಲದಿಂದ ದೂರವನ್ನು ಲೆಕ್ಕ ಹಾಕುತ್ತದೆ. ತರುಣರು ತಮ್ಮ ಫೋನನ್ನು ತಂದು ಮನೆಯಲ್ಲೆಲ್ಲ ಆರತಿ ಎತ್ತಿದಂತೆ ಆಡಿಸಿದರು. ಕೆಲವೇ ನಿಮಿಷಗಳಲ್ಲಿ ಒಂದು ಚೆಂದದ ನಕ್ಷೆ ಮೂಡಿತು. ಅಮ್ಮನ ಕೋಣೆಯೂ ಪಡಸಾಲೆಯೂ ಸರಿಯಾಗಿಯೇ ಬಂದವು. ಆದರೆ ಬಯಲಿಗೆ ತೆರೆದ ತೊಟ್ಟಿಯೂ ಅದರ ಕಂಬಗಳೂ ಅದಕ್ಕೆ ಅರ್ಥವಾಗಲಿಲ್ಲ. ಅದಕ್ಕಿಂತ ಮುಖ್ಯವಾದ ಕೊರತೆ ಮತ್ತೊಂದಿತ್ತು: ಬೆಳಕು ತಟ್ಟುವುದು ಗೋಡೆಯ ಮುಖವನ್ನು, ಗೋಡೆಯ ಹೊಟ್ಟೆಯೊಳಗೆ ಎಷ್ಟು ಮಣ್ಣಿದೆಯೆಂಬುದು ಅದಕ್ಕೆ ತಿಳಿಯದು. ನಮ್ಮ ಮೇಸ್ತ್ರಿಗೆ ಬೇಕಾಗಿದ್ದದ್ದು ಹೊಟ್ಟೆಯ ಸಮಾಚಾರವೇ.

ಕಟ್ಟುವ ಮನೆ ಬೇರೆ, ಇರುವ ಮನೆ ಬೇರೆ

ಈ ಅಲೆದಾಟದಿಂದ ನನಗೊಂದು ಸಂಗತಿ ಮನದಟ್ಟಾಯಿತು. ಮನೆಯ ನಕ್ಷೆ ಬರೆಯುವ ತಂತ್ರಾಂಶಗಳಲ್ಲಿ ಹೆಚ್ಚಿನವು ಇನ್ನು ಮುಂದೆ ಕಟ್ಟಬೇಕಾದ ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ರಚಿತವಾದವು. ಅಲ್ಲಿ ಗೋಡೆಗಳು ನೇರ, ಮೂಲೆಗಳು ಚೌಕ, ದಪ್ಪವೆಲ್ಲ ಒಂದೇ ಸಮ. ನಾವು ಗೆರೆಯನ್ನು ಸ್ವಲ್ಪ ಓರೆಯಾಗಿ ಎಳೆದರೂ ತಂತ್ರಾಂಶವು ಆಯಸ್ಕಾಂತದಂತೆ ಅದನ್ನು ಸೆಳೆದು ನೇರಮಾಡಿಬಿಡುತ್ತದೆ. ಹೊಸ ಮನೆಗೆ ಇದು ಉಪಕಾರ. ಹಳೆಯ ಮನೆಗೆ ಅಪಚಾರ.

ಕನ್ನಡ ಮೇಷ್ಟ್ರಾದ ನನಗೆ ಇದು ಓಲೆಗರಿಯ ಹೋಲಿಕೆಯಿಂದ ಚೆನ್ನಾಗಿ ಅರ್ಥವಾಯಿತು. ಹೊಸ ಪದ್ಯ ಬರೆಯುವವನು ಛಂದಸ್ಸಿಗೆ ತಕ್ಕ ಮಾತನ್ನು ತಾನೇ ಆರಿಸಿಕೊಳ್ಳಬಹುದು. ಹಳೆಯ ಓಲೆಯನ್ನು ಪ್ರತಿಮಾಡುವವನಿಗೆ ಆ ಸ್ವಾತಂತ್ರ್ಯವಿಲ್ಲ. ಒಂದು ಮಾತ್ರೆ ಕಡಿಮೆಯಾದರೆ ಆತ ತನ್ನ ಅಕ್ಷರವನ್ನು ತುರುಕಕೂಡದು. ಕಳೆದುಹೋದ ಅಕ್ಷರ ಯಾವುದೆಂದು ಹುಡುಕಬೇಕು. ಇರುವ ಮನೆಯ ನಕ್ಷೆಯೂ ಪ್ರತಿಮಾಡುವ ಕೆಲಸವೇ. ಆದುದರಿಂದ, ಇರುವುದನ್ನು ಇದ್ದಂತೆ ಬರೆಯಲು ಬಿಡುವ ತಂತ್ರಾಂಶವೇ ಅದಕ್ಕೆ ತಕ್ಕುದು.

ಈ ದೃಷ್ಟಿಯಿಂದ ನಾನು ಐದು ಪ್ರಶ್ನೆಗಳನ್ನು ಬರೆದಿಟ್ಟುಕೊಂಡೆ. ಒಂದೊಂದು ಗೋಡೆಗೂ ಬೇರೆ ಬೇರೆ ದಪ್ಪವನ್ನು ಕೊಡಬಹುದೆ? ನೇರ ಮಾಡುವ ಆಯಸ್ಕಾಂತ ಗುಣವನ್ನು ಬೇಡವೆಂದಾಗ ನಿಲ್ಲಿಸಬಹುದೆ? ಅಡಿ ಅಂಗುಲಗಳಲ್ಲಿ ಅಳತೆ ತುಂಬಬಹುದೆ? ಕೈಯಿಂದ ಬರೆದ ಕಚ್ಚಾ ನಕ್ಷೆಯ ಚಿತ್ರವನ್ನು ಕೆಳಗೆ ಹಾಸಿಕೊಂಡು ಅದರ ಮೇಲೆ ಗೆರೆ ಎಳೆಯಬಹುದೆ? ಕೊನೆಯದಾಗಿ, ಬರೆದದ್ದು ನಾಳೆಯೂ ನನ್ನ ಕೈಯಲ್ಲಿ ಉಳಿಯುವುದೆ?

ಕೊನೆಯ ಪ್ರಶ್ನೆಯನ್ನು ಯಾರೂ ಹಗುರವಾಗಿ ಕಾಣಬಾರದು. ಡ್ರಾಫ್ಟ್‌ಸೈಟ್ ಎಂಬ ತಂತ್ರಾಂಶದ ಉಚಿತ ಆವೃತ್ತಿಯನ್ನು ಬಹಳ ಜನ ನೆಚ್ಚಿಕೊಂಡಿದ್ದರು. 2019ರ ಕೊನೆಗೆ ಅದು ನಿಂತುಹೋಯಿತು. ಕಂಪ್ಯೂಟರಿನಲ್ಲಿ ಸ್ಥಾಪಿಸಿಕೊಳ್ಳಬಹುದಾಗಿದ್ದ ಸ್ಕೆಚ್‌ಅಪ್‌ನ ಉಚಿತ ಆವೃತ್ತಿಯ ಕಥೆಯೂ 2017ರದರೊಡನೆ ಮುಗಿಯಿತು; ಈಗ ಉಚಿತವಾಗಿ ಸಿಗುವುದು ಅಂತರಜಾಲದ ಮೂಲಕ ಬಳಸುವ ರೂಪ ಮಾತ್ರ. ಮನೆಯ ನಕ್ಷೆಯಾದರೊ ಮತ್ತೆ ಇಪ್ಪತ್ತು ವರ್ಷಕ್ಕೆ ಬೇಕಾಗುವ ಪದಾರ್ಥ.

ಈ ಐದೂ ಪ್ರಶ್ನೆಗಳಿಗೆ ನನಗೆ ಹೌದೆಂಬ ಉತ್ತರ ದೊರೆತದ್ದು ಸ್ವೀಟ್ ಹೋಮ್ ತ್ರೀಡಿ ಎಂಬ ತಂತ್ರಾಂಶದಲ್ಲಿ. ಫ್ರಾನ್ಸಿನ ಎಮಾನ್ಯುಯೆಲ್ ಪ್ಯೂಬರೆ ಎಂಬವರು ರಚಿಸಿದ ಇದು ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲಿಯೂ ನಡೆಯುತ್ತದೆ. ಗೋಡೆಯ ಉದ್ದ, ಕೋನ, ದಪ್ಪಗಳನ್ನು ಅಂಕಿಗಳಲ್ಲಿಯೇ ತುಂಬಬಹುದು. ಕಚ್ಚಾ ನಕ್ಷೆಯನ್ನು ಫೋನಿನಲ್ಲಿ ಚಿತ್ರ ತೆಗೆದು ಹಿನ್ನೆಲೆಯಾಗಿ ಹಾಸಿ, ಒಂದು ಗೆರೆಯ ನಿಜವಾದ ಅಳತೆಯನ್ನು ತಿಳಿಸಿದರೆ ಉಳಿದದ್ದು ಅದೇ ಪ್ರಮಾಣಕ್ಕೆ ಬರುತ್ತದೆ. ನಕ್ಷೆಯನ್ನು ಪಿಡಿಎಫ್ ಹಾಗೂ ಎಸ್‌ವಿಜಿ ರೂಪಗಳಲ್ಲಿ ಹೊರತೆಗೆದಿಟ್ಟುಕೊಳ್ಳಬಹುದು. ಎರಡೂ ಬಹಿರಂಗವಾದ, ಎಲ್ಲರೂ ಒಪ್ಪಿದ ರೂಪಗಳಾದುದರಿಂದ ಒಂದು ತಂತ್ರಾಂಶ ಮುಳುಗಿದರೂ ನಕ್ಷೆ ಮುಳುಗದು.

ಮನೆಯ ಗೋಡೆಗಳು ತೀರ ಸೊಟ್ಟಗಿದ್ದು, ರೇಖಾಗಣಿತದ ಬಿಗಿ ಬೇಕೆನ್ನುವವರು ಲಿಬ್ರೆಕ್ಯಾಡ್ ಎಂಬ ಇನ್ನೊಂದು ಮುಕ್ತ ತಂತ್ರಾಂಶವನ್ನು ನೋಡಬಹುದು. ಅದರಲ್ಲಿ ಸೋಫಾ, ಮಂಚಗಳ ಅಲಂಕಾರವಿಲ್ಲ. ಗೆರೆ ಮತ್ತು ವೃತ್ತ ಮಾತ್ರ. ಒಂದು ಗೋಡೆಯನ್ನು ಎಳೆದು, ಅದರ ಎರಡು ತುದಿಗಳಿಂದ ಎದುರು ಮೂಲೆಗಿರುವ ದೂರಗಳಷ್ಟು ತ್ರಿಜ್ಯದ ಎರಡು ವೃತ್ತ ಬರೆದರೆ, ಅವು ಕೂಡುವಲ್ಲಿ ಮೂಲೆ ಇದ್ದೇ ಇರುತ್ತದೆ. ಶಾಲೆಯಲ್ಲಿ ಕೈವಾರದಿಂದ ತ್ರಿಭುಜ ರಚಿಸಿದವರಿಗೆ ಇದು ಹೊಸದಲ್ಲ. ಅದು ಉಳಿಸುವ ಡಿಎಕ್ಸ್‌ಎಫ್ ರೂಪದ ಕಡತವನ್ನು ಇಂಜಿನಿಯರುಗಳ ತಂತ್ರಾಂಶಗಳು ಸಾಮಾನ್ಯವಾಗಿ ಓದಿಕೊಳ್ಳುತ್ತವೆ.

ಟೇಪಿನ ಎರಡು ತುದಿ

ತಂತ್ರಾಂಶ ಎಷ್ಟೇ ಒಳ್ಳೆಯದಾದರೂ ಅದು ನುಂಗುವುದು ನಾವು ಉಣಿಸಿದ ಅಂಕಿಗಳನ್ನೇ. ನೂರಡಿಯ ಟೇಪು ಕೊಂಡು ತಂದೆ. ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ತುದಿ ಅಣ್ಣನ ಮಗನ ಕೈಯಲ್ಲಿ. ಬಾಗಿಲು, ಕಿಟಕಿ, ಮೂಲೆಗಳನ್ನು ಒಂದೊಂದಾಗಿ ಅಳೆದು ಕೂಡುವುದು ತಪ್ಪು; ಪ್ರತಿ ಸಲದ ಸಣ್ಣ ತಪ್ಪು ಒಂದರ ಮೇಲೊಂದು ಪೇರಿಕೊಳ್ಳುತ್ತದೆ. ಟೇಪಿನ ಮೊದಲನ್ನು ಒಂದು ಮೂಲೆಯಲ್ಲಿ ಬಿಗಿಯಾಗಿ ಹಿಡಿದು, ಎದುರಾದ ಬಾಗಿಲು ಕಿಟಕಿಗಳ ಅಂಚುಗಳನ್ನೆಲ್ಲ ಆ ಒಂದೇ ಎಳೆತದಲ್ಲಿ ಓದುತ್ತ ಹೋಗಬೇಕು. ಬಳಿಕ ಕೋಣೆಯ ಎರಡು ಕರ್ಣಗಳನ್ನೂ, ಅಂದರೆ ಮೂಲೆಯಿಂದ ಎದುರು ಮೂಲೆಗಿರುವ ದೂರಗಳನ್ನೂ ಅಳೆಯಬೇಕು.

ಅಮ್ಮನ ಕೋಣೆ 12 ಅಡಿ ಅಗಲ, 9 ಅಡಿ ಆಳ. ಮೂಲೆಗಳು ಚೌಕವಾಗಿದ್ದರೆ ಎರಡು ಕರ್ಣಗಳೂ ತಲಾ 15 ಅಡಿ ಬರಬೇಕು. ಒಂದು 15 ಅಡಿ 3 ಅಂಗುಲ ಬಂತು, ಇನ್ನೊಂದು 14 ಅಡಿ 9 ಅಂಗುಲ. ನಾನು ಹುಟ್ಟಿದಂದಿನಿಂದ ಚೌಕವೆಂದು ನಂಬಿದ್ದ ಕೋಣೆ ಸುಮಾರು 2 ಡಿಗ್ರಿ ವಾಲಿಕೊಂಡಿತ್ತು! “ಆಗಿನವರ ಮೂಲೆಮಟ್ಟ ಕಣ್ಣಿನಲ್ಲಿತ್ತು ಮೇಷ್ಟ್ರೆ” ಎಂದು ಮೇಸ್ತ್ರಿ ನಕ್ಕ.

ಅಂದು ರಾತ್ರಿ ಕಂಪ್ಯೂಟರಿನ ಮುಂದೆ ಕುಳಿತು ಮನೆಯನ್ನು ಮುಂಬಾಗಿಲಿನಿಂದ ಹಿತ್ತಲವರೆಗೆ ಜೋಡಿಸಿದೆ. ಪಡಸಾಲೆ 8 ಅಡಿ, ತೊಟ್ಟಿಯೂ ಅದರ ಸುತ್ತಿನ ಹಜಾರವೂ ಸೇರಿ 18 ಅಡಿ, ಅಮ್ಮನ ಕೋಣೆ 9 ಅಡಿ, ಅದರ ಹಿಂದಿನ ಕಣಜದ ಕೋಣೆ 8 ಅಡಿ. ಒಟ್ಟು 43 ಅಡಿ. ಇವುಗಳ ನಡುವೆಯೂ ಎರಡು ಕೊನೆಗಳಲ್ಲಿಯೂ ಸೇರಿ ಐದು ಗೋಡೆಗಳು. ಇಂದಿನ ಇಟ್ಟಿಗೆಯ ಗೋಡೆಯ ಲೆಕ್ಕದಂತೆ ಒಂದೊಂದಕ್ಕೂ 9 ಅಂಗುಲ ಕೊಟ್ಟೆ. ನಕ್ಷೆ 46 ಅಡಿ 9 ಅಂಗುಲಕ್ಕೆ ಮುಗಿಯಿತು. ಹೊರಗಿನ ಓಣಿಯಲ್ಲಿ ಅಳೆದ ಮನೆಯ ಉದ್ದವಾದರೊ 49 ಅಡಿ 6 ಅಂಗುಲ! 2 ಅಡಿ 9 ಅಂಗುಲ ಎಲ್ಲಿಯೊ ಕಾಣೆಯಾಗಿತ್ತು.

ಕೋಣೆಗಳನ್ನು ತುಸು ತುಸು ಹಿಗ್ಗಿಸಿ ಲೆಕ್ಕವನ್ನು ಸರಿಮಾಡಿಬಿಡೋಣವೆಂಬ ದುರ್ಬುದ್ಧಿ ಒಂದು ಕ್ಷಣ ಬಾರದಿರಲಿಲ್ಲ. ಮಾತ್ರೆ ಕೆಟ್ಟಲ್ಲಿ ತನ್ನ ಅಕ್ಷರ ತುರುಕುವ ಲಿಪಿಕಾರನ ಬುದ್ಧಿಯೇ ಅದು. ನನ್ನ ಗೊಣಗಾಟವನ್ನು ಕೇಳಿಸಿಕೊಂಡ ಅಮ್ಮ ಒಳಗಿನಿಂದ ಕೇಳಿದರು:

“ಏನೋ ಅದು, ಕಳೆದುಹೋದದ್ದು?”

“ಮನೆಯಲ್ಲಿ ಎರಡೂ ಮುಕ್ಕಾಲು ಅಡಿ ಕಾಣಿಸುತ್ತಿಲ್ಲ ಅಮ್ಮ.”

“ಗೋಡೆಯೊಳಗೆ ಹೋಗಿರುತ್ತೆ ನೋಡು. ಕಿಟಕಿಯೊಳಗೆ ಕಾಲು ಮಡಿಚಿ ಕೂತು ಓದುತ್ತಿದ್ದೆಯಲ್ಲ, ಮರೆತೆಯಾ? ಒಂಬತ್ತು ಅಂಗುಲದಲ್ಲಿ ಕೂರೋಕ್ಕಾಗುತ್ತಿತ್ತೆ?”

ಟೇಪು ಹಿಡಿದು ಎದ್ದೆ. ಮುಂಬಾಗಿಲಿನ ಗೋಡೆ 18 ಅಂಗುಲ. ಪಡಸಾಲೆಯಿಂದ ತೊಟ್ಟಿಗೆ ಹೋಗುವ ಬಾಗಿಲಿನಲ್ಲಿ 18 ಅಂಗುಲ. ಅಮ್ಮನ ಕೋಣೆಯ ಬಾಗಿಲಿನಲ್ಲಿಯೂ, ಕಣಜದ ಕೋಣೆಯ ಹಿತ್ತಲ ಕಿಟಕಿಯಲ್ಲಿಯೂ ಅಷ್ಟೆ. ನಾಲ್ಕು ಗೋಡೆಗೆ 6 ಅಡಿ. ಐದನೆಯದು ಅಮ್ಮನ ಕೋಣೆಗೂ ಕಣಜದ ಕೋಣೆಗೂ ನಡುವಿನದು. ಅದರಲ್ಲಿ ಬಾಗಿಲಿಲ್ಲ, ಕಿಟಕಿಯಿಲ್ಲ. ಕಣಜದ ಕೋಣೆಗೆ ದಾರಿ ಅಡಿಗೆಮನೆಯ ಕಡೆಯಿಂದ. ಟೇಪಿಗೆ ಸಿಕ್ಕದ ಆ ಗೋಡೆಯ ದಪ್ಪವನ್ನು ನಕ್ಷೆಯೇ ಹೇಳಿತು: 49 ಅಡಿ 6 ಅಂಗುಲದಲ್ಲಿ ಕೋಣೆಗಳ 43 ಅಡಿಯನ್ನೂ ಗೋಡೆಗಳ 6 ಅಡಿಯನ್ನೂ ಕಳೆದರೆ ಉಳಿಯುವುದು 6 ಅಂಗುಲ!

ಮಿಕ್ಕ ಗೋಡೆಗಳ ಮೂರನೆಯ ಒಂದು ಪಾಲು ದಪ್ಪವಿರುವ ಗೋಡೆ ತೊಲೆಯನ್ನು ಹೊರಲಾರದು. ಬೆಳಗಾಗುತ್ತಲೆ ಮೇಸ್ತ್ರಿಗೆ ಹೇಳಿಕಳುಹಿಸಿದೆ. ಆತ ಅಟ್ಟಕ್ಕೆ ಹತ್ತಿ ದೀಪ ಹಿಡಿದು ನೋಡಿದ. ತೊಲೆ ಆ ಗೋಡೆಯ ಮೇಲೆ ಕುಳಿತಿರಲಿಲ್ಲ. ಗೋಡೆಯ ನೆತ್ತಿಗೂ ತೊಲೆಗೂ ನಡುವೆ ಕೈ ತೂರುವಷ್ಟು ಸಂದು ಇತ್ತು. ಆಗ ಅಮ್ಮನಿಗೆ ನೆನಪಾಯಿತು: “ನೀನು ಹುಟ್ಟಿದ ವರ್ಷ ಇಲಿ ಕಾಟ ತಡೆಯೋಕ್ಕಾಗದೆ ನಿಮ್ಮಪ್ಪ ಆ ಅಡ್ಡಗೋಡೆ ಹಾಕಿಸಿದ್ದು. ಮೊದಲು ಅದು ಒಂದೇ ಕೋಣೆ.” ಈ ಮಾತನ್ನು ಮೊದಲೇ ಏಕೆ ಹೇಳಲಿಲ್ಲವೆಂದು ಕೇಳಿದರೆ, “ಯಾರು ಕೇಳಿದಿರಿ?” ಎಂದರು.

ಕಾಗದದ ಮೇಲಿನ ಗಾಲಿಕುರ್ಚಿ

ಉಳಿದದ್ದು ಸುಲಭವಾಯಿತು. ಗಾಲಿಕುರ್ಚಿ ತೊಡಕಿಲ್ಲದೆ ತಿರುಗಲು ಸುಮಾರು ಒಂದೂವರೆ ಮೀಟರು ವ್ಯಾಸದ ಬಯಲು ಬೇಕೆಂದೂ, ಬಾಗಿಲಿನ ತೆರಪು 90 ಸೆಂಟಿಮೀಟರಾದರೂ ಇರಬೇಕೆಂದೂ ಬಲ್ಲವರು ಹೇಳುತ್ತಾರೆ. ತಂತ್ರಾಂಶದ ಉಗ್ರಾಣದಿಂದ ಒಂದು ದುಂಡುಮೇಜನ್ನು ತೆಗೆದು, ಅದರ ವ್ಯಾಸವನ್ನು 150 ಸೆಂಟಿಮೀಟರಿಗೆ ನಿಲ್ಲಿಸಿ, ಕಣಜದ ಕೋಣೆಯಲ್ಲೆಲ್ಲ ಸರಿಸಾಡಿಸಿ ನೋಡಿದೆ. ಒಂದು ಬದಿಗೆ ಶೌಚದ ಆಸನ, ಇನ್ನೊಂದು ಬದಿಗೆ ಸ್ನಾನದ ಜಾಗ ಇಟ್ಟರೂ ನಡುವೆ ಮೇಜು ನಿರಾತಂಕವಾಗಿ ಕುಳಿತಿತು. ಅಡ್ಡಗೋಡೆಯಲ್ಲಿ ಮೂರಡಿ ತೆರಪಿನ ಹೊಸ್ತಿಲಿಲ್ಲದ ಬಾಗಿಲು. ಯಾವ ತೊಲೆಯನ್ನೂ ಮುಟ್ಟಬೇಕಾಗಿಲ್ಲ, ಒಂದು ಹೆಂಚನ್ನೂ ಇಳಿಸಬೇಕಾಗಿಲ್ಲ.

ನಕ್ಷೆಯನ್ನು ನೂರಕ್ಕೆ ಒಂದರ ಪ್ರಮಾಣದಲ್ಲಿ ಅಚ್ಚು ಮಾಡಿಸಿದೆ. ಒಂದು ಮೀಟರಿಗೆ ಒಂದು ಸೆಂಟಿಮೀಟರು. 15 ಮೀಟರಿನ ಮನೆ ಎ4 ಹಾಳೆಯೊಳಗೆ ಸಲೀಸಾಗಿ ಅಡಗಿತು. ಒಂದು ಪ್ರತಿ ಮೇಸ್ತ್ರಿಗೆ, ಒಂದು ಅಣ್ಣನಿಗೆ. ಅಣ್ಣ ಮುಂದಿನ ಭಾನುವಾರ ಬಂದು, ಹಾಳೆಯನ್ನು ಕೈಯಲ್ಲಿ ಹಿಡಿದು, ಮನೆಯೊಳಗೆ ಹೊಸಬನಂತೆ ಒಂದು ಸುತ್ತು ತಿರುಗಿದ. ಅಡ್ಡಗೋಡೆಯ ಮುಂದೆ ಬಹಳ ಹೊತ್ತು ನಿಂತಿದ್ದು, “ಹಾಗಾದರೆ ಕೆಡವುವುದು ಏನೂ ಬೇಡ” ಎಂದ.

ಒಂದೆರಡು ಎಚ್ಚರಿಕೆಯ ಮಾತುಗಳನ್ನು ಹೇಳದಿದ್ದರೆ ತಪ್ಪಾದೀತು. ಇಂಥ ನಕ್ಷೆ ಮನೆಯವರ ತಿಳಿವಳಿಕೆಗಾಗಿ. ಪರವಾನಗಿ ಬೇಕಾದ ಕಾಮಗಾರಿಗೆ ಅರ್ಹ ಇಂಜಿನಿಯರರ ಸಹಿಯುಳ್ಳ ನಕ್ಷೆಯೇ ಆಗಬೇಕು. ತೆಳ್ಳಗಿರುವ ಗೋಡೆಯೆಲ್ಲ ಭಾರ ಹೊರದ ಗೋಡೆಯೆಂದು ಕಾಗದದ ಮೇಲೆಯೇ ತೀರ್ಮಾನಿಸಕೂಡದು. ಬಲ್ಲವರು ಮೇಲೆ ಹತ್ತಿ ಕಣ್ಣಾರೆ ಕಂಡ ಮೇಲೆಯೇ ಹಾರೆ. ಮಣ್ಣಿನ ಗೋಡೆಗೆ ನೀರು ಹಗೆ; ಆದುದರಿಂದ ನಮ್ಮ ಮೇಸ್ತ್ರಿ ಬಚ್ಚಲಿನ ನೆಲವನ್ನು ಹಿತ್ತಲ ಕಡೆಗೆ ಇಳಿಜಾರು ಮಾಡಿ, ಗೋಡೆಗಳಿಗೆ ತೇವ ತಾಗದಂತೆ ಒಳಗಡೆ ಬೇರೆಯೇ ಒಂದು ಇಟ್ಟಿಗೆಯ ವರಸೆಯನ್ನು ಎಬ್ಬಿಸಿದ.

ಕಾರ್ತಿಕಮಾಸದ ಹೊತ್ತಿಗೆ ಕೆಲಸ ಮುಗಿಯಿತು. ಅಮ್ಮ ಈಗ ಗಾಲಿಕುರ್ಚಿ ಬಿಟ್ಟು ನಾಲ್ಕು ಕಾಲಿನ ಊರುಗೋಲು ಹಿಡಿದಿದ್ದಾರೆ. ರಾತ್ರಿ ಯಾರನ್ನೂ ಎಬ್ಬಿಸದೆ ತಾವೇ ಹೋಗಿ ಬರುತ್ತಾರೆ. ನಕ್ಷೆಯ ಒಂದು ಪ್ರತಿಯನ್ನು ಕೇಳಿ ಪಡೆದು, ಪಂಚಾಂಗದೊಡನೆ ಗೂಡಿನಲ್ಲಿಟ್ಟುಕೊಂಡಿದ್ದಾರೆ. ಮೊನ್ನೆ ಅದನ್ನು ಕನ್ನಡಕ ಏರಿಸಿಕೊಂಡು ನೋಡುತ್ತಿದ್ದವರು ನನ್ನನ್ನು ಕರೆದು, “ತುಳಸಿಕಟ್ಟೆ ಬರೆದೇ ಇಲ್ಲವಲ್ಲೋ” ಎಂದರು.

ಟೇಪು ಹಿಡಿದು ಹಿತ್ತಲಿಗೆ ಹೋದೆ.